ಒಳ್ಳೆಯ ನೆಗೆಟಿವ್, ಕೆಟ್ಟ ನೆಗೆಟಿವ್

ನಮ್ಮ ಕುಟುಂಬದಲ್ಲಿ ಡಿಗ್ರಿ ಎಂಬುದನ್ನು ಮೊದಲು ಮನೆಯೊಳಗೆ ತಂದವಳು ನಾನು. ಬೆಟ್ಟಂಪಾಡಿಯಿಂದ ಪುತ್ತೂರಿಗೆ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ, ಅಮ್ಮ ಕಟ್ಟಿದ ಬೀಡಿಯ ವಾಸನೆ ಮೆತ್ತಿದ ನೋಟುಪುಸ್ತಕಗಳಲ್ಲಿ ಬರೆದು, ಬಿಎಸ್ಸಿ ಮುಗಿಸಿದವಳು. ಇದನ್ನು ಹೇಳುವಾಗ ಈಗಲೂ ನನ್ನ ಬೆನ್ನು ನೆಟ್ಟಗಾಗುತ್ತದೆ. ಸಂಕೋಚ ಎಂತದೂ ಇಲ್ಲ. ಆದರೆ ಅದೇ ಬಿಎಸ್ಸಿ ಒಂದು ಸಲ ಬಾಣಂತಿ ಕೋಣೆಯ ಹೊರಗೆ ಜಗಲಿಯಲ್ಲಿ ಎಂತ ಮಾಡುತ್ತಿತ್ತು ಎಂಬುದನ್ನೂ ಹೇಳದಿದ್ದರೆ ನನ್ನ ಹೆಮ್ಮೆಯಲ್ಲಿ ಅರ್ಧ ಕಳ್ಳಮಾಲು ಎಂದೇ ಲೆಕ್ಕ.

ಮೊದಲು ಒಂದು ಶಬ್ದದ ವಿಷಯ ಹೇಳಬೇಕು. ಎಪ್ಪತ್ತರ ದಶಕದಲ್ಲಿ ನಮ್ಮ ಕಡೆಯ ಮನೆಮನೆಗೆ ಮಲೇರಿಯಾದವರು ಬರುತ್ತಿದ್ದರು. ಖಾಕಿ ಚೀಲ, ಒಳಗೆ ಗಾಜಿನ ತುಂಡುಗಳು, ಒಂದು ಸೂಜಿ. ಜ್ವರ ಬಂದವರ ಬೆರಳಿಗೆ ಚುಚ್ಚಿ ಗಾಜಿಗೆ ರಕ್ತ ಒರೆಸಿಕೊಂಡು, ಗೋಡೆಯಲ್ಲಿ ತಾರೀಕು ಬರೆದು ಹೋಗುವುದು. ಮುಂದಿನ ಸಲ ಬಂದಾಗ ಅಂಗಳದಿಂದಲೇ ಹೇಳುವುದು, "ನೆಗೆಟಿವ್." ಎಂದರೆ ಏನೂ ಇಲ್ಲ, ಪಾಸು, ಗಂಜಿ ಉಂಡುಕೊಂಡು ಕೆಲಸಕ್ಕೆ ಹೋಗು. "ಪಾಸಿಟಿವ್" ಎಂದರೆ ಕಹಿ ಮಾತ್ರೆ, ಕಂಬಳಿ, ನಡುಕ. ಅಕ್ಷರ ಬಾರದವರ ಬಾಯಿಗೂ ಈ ಎರಡು ಶಬ್ದ ಹತ್ತಿದ್ದು ಹಾಗೆ. ತುಳುವಿನವರೂ ಅರೆಭಾಷೆಯವರೂ ಬ್ಯಾರಿಗಳೂ ಒಂದೇ ಅರ್ಥದಲ್ಲಿ ಬಳಸುತ್ತಿದ್ದ ಶಬ್ದಗಳು. ದನಕ್ಕೆ ಕಾಯಿಲೆ ಇಲ್ಲ ಎನ್ನಲಿಕ್ಕೂ ನೆಗೆಟಿವ್, ಹುಡುಗಿಯ ಮನೆಯವರ ಬಗ್ಗೆ ವಿಚಾರಿಸಿ ಬಂದವರು ಹೇಳುವುದೂ ನೆಗೆಟಿವ್. ಅದು ಊರಿನಲ್ಲಿ ಒಳ್ಳೆಯ ಶಬ್ದ.

ನನ್ನ ಅಕ್ಕನನ್ನು ಜಾಲ್ಸೂರಿನ ಹತ್ತಿರದ ಒಂದು ಮನೆಗೆ ಕೊಟ್ಟಿತ್ತು. ಅವಳು ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟವಳು. ನಾನು ಓದಬೇಕಾದರೆ ಅಮ್ಮನ ಜೊತೆ ಬೀಡಿ ಕಟ್ಟಲು ಒಬ್ಬರು ಬೇಕಿತ್ತಲ್ಲ. ಅವಳ ಚೊಚ್ಚಲ ಬಸಿರಿನ ಸೀಮಂತಕ್ಕೆ ನಾನು ಹೋದಾಗ ಬಿಎಸ್ಸಿ ಕೊನೆಯ ವರ್ಷದಲ್ಲಿದ್ದೆ. ಊಟ ಮುಗಿದು ಹೆಂಗಸರೆಲ್ಲ ಒಳಗೆ ಎಲೆಯಡಿಕೆ ಹಾಕುತ್ತಿದ್ದರು. ಅಕ್ಕನ ಅತ್ತೆ ಒಂದು ಚೀಟಿ ತಂದು ನನ್ನ ಕೈಯಲ್ಲಿ ಕೊಟ್ಟರು. ಪೇಟೆಯ ಯಾವುದೋ ಕ್ಲಿನಿಕ್ಕಿನಲ್ಲಿ ಅಕ್ಕನ ರಕ್ತ ನೋಡಿ ಬರೆದುಕೊಟ್ಟದ್ದು.

"ನೀನು ಕಾಲೇಜಿನವಳಲ್ವಾ? ಓದು ನೋಡುವ. ಇಲ್ಲಿ ಯಾರಿಗೂ ಇಂಗ್ಲಿಷ್ ಬರುದಿಲ್ಲ."

ನಾನು ಗಂಟಲು ಸರಿಮಾಡಿಕೊಂಡು ಓದಿದೆ. "ಬಿ ಗ್ರೂಪ್. ಆರ್‌ಎಚ್ ನೆಗೆಟಿವ್."

"ನೆಗೆಟಿವಾ?"

"ಹೌದು ಅತ್ತೆ. ನೆಗೆಟಿವ್."

"ಕೇಳಿತಾ?" ಎಂದರು ಅವರು ಉಳಿದ ಹೆಂಗಸರ ಕಡೆ ತಿರುಗಿ. "ನಮ್ಮ ಸೊಸೆಗೆ ಎಂತದೂ ಇಲ್ಲ. ಕ್ಲೀನ್ ಉಂಟು." ಆ ಚೀಟಿಯನ್ನು ಮಡಿಸಿ ದೇವರ ಕೋಣೆಯ ಕುಂಕುಮದ ಪೆಟ್ಟಿಗೆಯಲ್ಲಿ ಇಟ್ಟರು. ನಾನು ತಲೆಯಾಡಿಸಿದೆ. ನಾಲ್ಕು ಜನರ ಎದುರು ಇಂಗ್ಲಿಷ್ ಓದಿದ ಸಂತೋಷದಲ್ಲಿ ನನ್ನ ತಲೆ ತಾನಾಗಿಯೇ ಆಡುತ್ತಿತ್ತು ಎಂದು ಕಾಣುತ್ತದೆ.

ಹೆರಿಗೆಗೆ ಅಕ್ಕ ಬೆಟ್ಟಂಪಾಡಿಗೆ ಬಂದಳು. ಪರೀಕ್ಷೆಗೆ ಒಂದು ವಾರ ಇರುವಾಗ, ಬೆಳಿಗ್ಗೆ ಹತ್ತರ ಹೊತ್ತಿಗೆ ಹೆಣ್ಣು ಮಗು ಹುಟ್ಟಿತು. ಗುಂಡುಗುಂಡಗಿನ ಆರೋಗ್ಯದ ಮಗು. ನಾನು ಜಗಲಿಯಲ್ಲಿ ಆಚೆಯಿಂದ ಈಚೆಗೆ ನಡೆಯುತ್ತ ನೋಟ್ಸ್ ಬಾಯಿಪಾಠ ಮಾಡುತ್ತಿದ್ದೆ. ಪ್ರಾಣಿಶಾಸ್ತ್ರದಲ್ಲಿ ಖಂಡಿತ ಬರುತ್ತದೆ ಎಂದು ನಮ್ಮ ಮೇಷ್ಟ್ರು ಗುರುತು ಹಾಕಿಕೊಟ್ಟ ಒಂದು ಕಿರುಟಿಪ್ಪಣಿ ಇತ್ತು, ಐದು ಮಾರ್ಕಿನದ್ದು. ಅಷ್ಟುದ್ದದ ಇಂಗ್ಲಿಷ್ ಹೆಸರು, ಹೇಳುವಾಗ ನಾಲಿಗೆ ಗಂಟಾಗುತ್ತಿತ್ತು. ಅದರ ಸಾರ ಇಷ್ಟೆ: ತಾಯಿಯ ರಕ್ತ ನೆಗೆಟಿವ್, ಮಗುವಿನದು ಪಾಸಿಟಿವ್ ಆದರೆ ಮೊದಲ ಮಗುವಿಗೆ ಸಾಮಾನ್ಯವಾಗಿ ತೊಂದರೆ ಇಲ್ಲ. ಆದರೆ ಹೆರಿಗೆಯ ಹೊತ್ತಿಗೆ ಮಗುವಿನ ರಕ್ತ ನಾಲ್ಕು ತೊಟ್ಟು ತಾಯಿಯ ರಕ್ತಕ್ಕೆ ಸೇರುತ್ತದೆ. ತಾಯಿಯ ದೇಹ ಅದನ್ನು ಹೊರಗಿನದೆಂದು ಗುರುತಿಟ್ಟುಕೊಂಡು, ಅದನ್ನು ಹೊಡೆಯುವ ಪ್ರತಿಕಾಯ ತಯಾರು ಮಾಡಿಕೊಳ್ಳುತ್ತದೆ. ಮುಂದಿನ ಮಗು ಪಾಸಿಟಿವ್ ಆದರೆ ಅದರ ರಕ್ತ ಒಡೆಯುತ್ತದೆ. ಹೆರಿಗೆಯಾದ ಎಪ್ಪತ್ತೆರಡು ಗಂಟೆಯೊಳಗೆ ತಾಯಿಗೆ ಒಂದು ಇಂಜೆಕ್ಷನ್ ಕೊಟ್ಟರೆ ಅದು ತಪ್ಪುತ್ತದೆ.

ಎಪ್ಪತ್ತೆರಡು ಗಂಟೆ ಎಂಬುದನ್ನು ನಾನು ಇಂಗ್ಲಿಷಿನಲ್ಲಿ ಜಗಲಿಯಲ್ಲಿ ಎಷ್ಟು ಸಲ ಹೇಳಿದ್ದೇನೋ. ಒಳಗಿನಿಂದ ಅಕ್ಕ ಕೇಳಿದಳು, "ಎಂತ ಅದು ನೀನು ಓದುದು? ಕೇಳ್ಲಿಕ್ಕೆ ಮಂತ್ರದ ಹಾಗೆ ಉಂಟು."

"ನಿನಗೆ ಗೊತ್ತಾಗ್ಲಿಕ್ಕಿಲ್ಲ ಅಕ್ಕ, ಅದು ಜಿನೆಟಿಕ್ಸ್," ಎಂದೆ.

"ಸರಿ ಮಾರಾಯ್ತಿ. ಸ್ವಲ್ಪ ಮೆಲ್ಲ ಓದು, ಮಗು ಏಳ್ತದೆ."

ನಾನು ಮೆಲ್ಲ ಓದಿದೆ. ಗೋಡೆಯ ಆಚೆ ಬಾಣಂತಿ, ಈಚೆ ನಾನು. ನಡುವೆ ಮಣ್ಣಿನ ಗೋಡೆ ಒಂದೇ. ಎಪ್ಪತ್ತೆರಡು ಗಂಟೆಯೂ ಮುಗಿಯಿತು, ಪರೀಕ್ಷೆಯೂ ಮುಗಿಯಿತು. ಆ ಕಿರುಟಿಪ್ಪಣಿ ಬಂತು. ನಾನು ಚಿತ್ರ ಸಮೇತ ಬರೆದೆ. ಫಸ್ಟ್ ಕ್ಲಾಸೂ ಬಂತು. ಅಮ್ಮ ಕಟ್ಟಿದ ಬೀಡಿ ಕೊಡುವ ಬ್ರಾಂಚಿನಲ್ಲಿ ಎಲ್ಲರಿಗೂ ಸಕ್ಕರೆ ಹಂಚಿದರು. ನಮ್ಮ ಕಾಲದ ವಿದ್ಯೆ ಹಾಗೆ ಇತ್ತು: ಉತ್ತರಪತ್ರಿಕೆಯ ಒಳಗೆ ಹುಟ್ಟಿ ಅಲ್ಲಿಯೇ ಸಾಯುವಂಥದ್ದು. ಆ ಬಾಣಂತಿ ಕೋಣೆಗೂ ನನ್ನ ನೋಟ್ಸಿಗೂ ಸಂಬಂಧ ಉಂಟೆಂದು ಒಬ್ಬ ಮೇಷ್ಟ್ರೂ ನನಗೆ ಹೇಳಿಕೊಟ್ಟಿರಲಿಲ್ಲ. ಮೇಷ್ಟ್ರುಗಳನ್ನು ಬಯ್ಯುವುದು ಸುಲಭ. ಕೇಳಬೇಕು ಎಂದು ನನಗೂ ಅನಿಸಿರಲಿಲ್ಲ.

ಮೂರು ವರ್ಷದ ಮೇಲೆ ಅಕ್ಕನಿಗೆ ಎರಡನೆಯದು ಗಂಡು ಮಗು ಆಯಿತು, ಜಾಲ್ಸೂರಿನ ಮನೆಯಲ್ಲಿಯೇ. ನಾನು ಆಗ ಮಂಗಳೂರಿನಲ್ಲಿ ಲ್ಯಾಬಿನ ಕೆಲಸ ಕಲಿಯುತ್ತಿದ್ದೆ. ಮಗು ಹುಟ್ಟಿದ ದಿನವೇ ಹಳದಿಯಾಯಿತು. ಅತ್ತೆಯವರು ಕಾಮಾಲೆಗೆ ಮದ್ದು ಕೊಡುವವನೊಬ್ಬನನ್ನು ಕರೆಸಿದರು. ಅವನು ಯಾವುದೋ ಸೊಪ್ಪಿನ ರಸ ನೆತ್ತಿಗೆ ಹಾಕಿ, ಮಗುವಿನ ತೋಳಿಗೆ ಬರೆ ಎಳೆದ. ಒಂದು ದಿನದ ಕೂಸಿನ ತೋಳಿಗೆ. ಎರಡನೆಯ ದಿನ ಮಗು ಹಾಲು ಬಿಟ್ಟಿತು, ಮೂರನೆಯ ದಿನ ಹೋಯಿತು. ನಾನು ಬಸ್ಸಿಳಿದು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು.  ಅಕ್ಕನ ಎದೆ ಹಾಲು ಸೋರಿ ರವಿಕೆ ಒದ್ದೆಯಾಗಿತ್ತು.

ಆ ಮೇಲೆ ಜೋಯಿಸರಲ್ಲಿ ಪ್ರಶ್ನೆ ಇಟ್ಟರು. ಕವಡೆ ಹೇಳಿತಂತೆ, ಸೊಸೆ ತವರಿನಿಂದ ನಾಗದೋಷ ತಂದಿದ್ದಾಳೆ ಎಂದು. ಕವಡೆಗಳು ಯಾವಾಗಲೂ ಸೊಸೆಯ ಕಡೆಗೇ ಬೀಳುತ್ತವೆ. ಮಗನ ಕಡೆಗೆ ಬಿದ್ದ ಒಂದು ಕವಡೆಯನ್ನು ನಾನು ಈ ವಯಸ್ಸಿನವರೆಗೆ ಕಂಡಿಲ್ಲ. ಅತ್ತೆಯವರು ನನ್ನನ್ನು ಕರೆದು, "ನಿಮ್ಮಲ್ಲಿ ನಾಗನ ಕಲ್ಲು ಎಲ್ಲಾದ್ರೂ ಪಾಳು ಬಿದ್ದಿದೆಯಾ?" ಎಂದು ವಿಚಾರಿಸಿದರು. ನಮ್ಮಲ್ಲಿ ಪಾಳು ಬೀಳಲಿಕ್ಕೆ ಜಾಗ ಎಂಬುದೇ ಇರಲಿಲ್ಲ, ಹತ್ತು ಸೆಂಟ್ಸ್ ಜಾಗದಲ್ಲಿ ಮನೆ ಮತ್ತು ಬಾವಿ. ಹಾಗೆ ಹೇಳಿದೆ. ಅವರಿಗೆ ಸಮಾಧಾನವಾಗಲಿಲ್ಲ.

ಪುತ್ತೂರಿನಲ್ಲಿ ಒಬ್ಬ ಡಾಕ್ಟರರ ಕ್ಲಿನಿಕ್ಕಿನ ಹಿಂದೆ ಒಂದು ಸಣ್ಣ ಕೋಣೆಯ ಲ್ಯಾಬಿನಲ್ಲಿ ನನಗೆ ಕೆಲಸ ಸಿಕ್ಕಿತು. ಒಂದು ಮಧ್ಯಾಹ್ನ ಯಾರೋ ಬಸುರಿಯ ರಕ್ತವನ್ನು ಗಾಜಿನ ಮೇಲಿಟ್ಟು ಆರ್‌ಎಚ್ ನೋಡುತ್ತಿದ್ದೆ. ಮದ್ದಿನ ತೊಟ್ಟು ಹಾಕಿ ಅಲ್ಲಾಡಿಸಿದರೆ ಪಾಸಿಟಿವ್ ರಕ್ತ ಹಾಲು ಒಡೆದ ಹಾಗೆ ಗಂಟುಗಂಟಾಗುತ್ತದೆ, ನೆಗೆಟಿವ್ ಹಾಗೇ ಉಳಿಯುತ್ತದೆ. ಅದು ಹಾಗೇ ಉಳಿಯಿತು. ನೆಗೆಟಿವ್ ಎಂದು ಬರೆದೆ. ಬರೆದ ಕೈ ಅಲ್ಲಿಯೇ ನಿಂತಿತು. ಕುಂಕುಮದ ಪೆಟ್ಟಿಗೆ, ಜಗಲಿ, ಎಪ್ಪತ್ತೆರಡು ಗಂಟೆ, ಬರೆ ಎಳೆದ ಪುಟ್ಟ ತೋಳು, ಎಲ್ಲ ಒಟ್ಟಿಗೇ ಬಂದು ಎದುರು ಕುಳಿತವು. ಡಾಕ್ಟರರ ಹತ್ತಿರ ಹೇಳಿದೆ. ಅವರು ಕನ್ನಡಕ ತೆಗೆದು, "ಈಗ ನಿಮ್ಮ ಅಕ್ಕನಿಗೆ ಆ ಸೂಜಿ ಕೊಟ್ಟು ಪ್ರಯೋಜನ ಇಲ್ಲಮ್ಮ. ಇನ್ನೊಂದು ಸಲ ಬಸುರಿ ಆದ್ರೆ ಮಾತ್ರ ಮಂಗಳೂರಿಗೇ ಹೋಗ್ಬೇಕು," ಎಂದರು.

ಆ ಭಾನುವಾರವೇ ಜಾಲ್ಸೂರಿಗೆ ಹೋದೆ. ಅಕ್ಕ ಆಗಲೇ ಮೂರು ತಿಂಗಳ ಬಸುರಿ. ಚೀಟಿ ಕೊಡಿ ಎಂದೆ. ಅತ್ತೆಯವರು ಕುಂಕುಮ ಮೆತ್ತಿದ ಚೀಟಿಯನ್ನು ತಂದು ಕೊಟ್ಟು, "ಇದೇ ಅಲ್ವಾ? ನೀನೇ ಓದಿ ಹೇಳಿದ್ದು, ಎಂತದೂ ಇಲ್ಲ ಅಂತ," ಎಂದರು.

ಆ ಹೆಂಗಸನ್ನು ನಾನು ಬಹಳ ವಿಷಯಕ್ಕೆ ಬಯ್ದುಕೊಂಡಿದ್ದೇನೆ. ಈ ಒಂದು ಮಾತು ಮಾತ್ರ ಸರಿಯಾಗಿಯೇ ಇತ್ತು.

ಇಲ್ಲಿ ಸ್ವಲ್ಪ ಪಾಠ ಹೇಳಬೇಕಾಗುತ್ತದೆ; ಕೆಲವು ಸಂಗತಿ ನಾನು ಬಹಳ ವರ್ಷದ ಮೇಲೆ ಓದಿ ತಿಳಿದುಕೊಂಡದ್ದು. ಹೊಟ್ಟೆಯ ಮಗು ಅರ್ಧ ತಾಯಿಯದು, ಅರ್ಧ ಹೊರಗಿನದು. ಹೊರಗಿನದನ್ನು ಕಂಡರೆ ಹೊಡೆಯುವುದು ದೇಹದ ಕಾವಲಿನ ಕೆಲಸ. ಆದರೂ ಒಂಬತ್ತು ತಿಂಗಳು ಅದು ಹೊಡೆಯುವುದಿಲ್ಲ. ಒಂದು ಜೀವಕೋಶದಿಂದ ಇನ್ನೊಂದಕ್ಕೆ ಸುದ್ದಿ ಒಯ್ಯುವ ಸಣ್ಣ ಸಣ್ಣ ಅಣುಗಳು ಉಂಟು. ಆ ಸುದ್ದಿಯನ್ನು ಹಿಡಿದುಕೊಳ್ಳಲು ಕೋಶಗಳ ಮೈಮೇಲೆ ಗ್ರಾಹಕಗಳು ಉಂಟು. ತಡೆ, ಇದು ನಮ್ಮದೇ, ಇರಲಿ ಬಿಡು ಎಂಬ ಸುದ್ದಿ ಓಡಾಡುತ್ತಿರುತ್ತದೆ. ಇಷ್ಟೇ ಅಲ್ಲ, ಮಗುವನ್ನು ತಾಯಿಗೆ ಜೋಡಿಸುವ ಮಾಸಿನಲ್ಲಿ ಇನ್ನೊಂದು ಬಗೆಯ ಗ್ರಾಹಕ ಉಂಟು, ಅದು ತಾಯಿಯ ಪ್ರತಿಕಾಯಗಳನ್ನು ಕೈಹಿಡಿದು ಮಗುವಿನ ಕಡೆಗೆ ದಾಟಿಸುತ್ತದೆ, ಹುಟ್ಟಿದ ಮೇಲೆ ನಾಲ್ಕು ದಿನ ಮಗುವಿಗೆ ರಕ್ಷಣೆ ಇರಲಿ ಎಂದು. ಅಕ್ಕನ ವಿಷಯದಲ್ಲಿ ಅದೇ ದಾರಿಯಲ್ಲಿ ಹೊಡೆಯುವ ಪ್ರತಿಕಾಯವೂ ದಾಟಿತು. ದಾಟಿಸುವ ಗ್ರಾಹಕಕ್ಕೆ ಇದು ಒಳ್ಳೆಯದು ಅದು ಕೆಟ್ಟದು ಎಂಬ ಭೇದ ಗೊತ್ತಿಲ್ಲ. ಆರ್‌ಎಚ್ ನೆಗೆಟಿವ್ ಎಂದು ಗಟ್ಟಿಯಾಗಿ ಓದಿ ದಾಟಿಸಿದ ನನ್ನ ಹಾಗೆ.

ಆದರೂ ಒಂದು ಮಾತು ಹೇಳುತ್ತೇನೆ. ಆ ಜಾಲ್ಸೂರಿನ ಮನೆ ಹೊರಗಿನಿಂದ ಬಂದ ನನ್ನ ಅಕ್ಕನನ್ನು ಐದಾರು ವರ್ಷವಾದರೂ ನಮ್ಮವಳು ಎಂದು ಒಪ್ಪಿಕೊಂಡಿರಲಿಲ್ಲ. ಅವಳ ಗರ್ಭ ಆ ಮನೆಯ ಅರ್ಧವನ್ನು ಮೊದಲ ಸಲ ಒಂದೂ ತಕರಾರಿಲ್ಲದೆ ಒಂಬತ್ತು ತಿಂಗಳು ಇಟ್ಟುಕೊಂಡಿತ್ತು. ಯಾರಿಗೆ ಹೆಚ್ಚು ಸಂಸ್ಕಾರ ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಮೂರನೆಯ ಮಗುವನ್ನು ಉಳಿಸಬೇಕಾದರೆ ಅಕ್ಕನನ್ನು ಬೇಗ ಮಂಗಳೂರಿಗೆ ಕರೆದುಕೊಂಡು ಹೋಗಿ ಆಗಾಗ ರಕ್ತ ನೋಡಿಸಬೇಕು, ಹೆರಿಗೆಯನ್ನು ಅಲ್ಲಿಯೇ ಸ್ವಲ್ಪ ಮೊದಲೇ ಮಾಡಿಸಬೇಕು, ಮಗುವಿನ ರಕ್ತ ಬದಲಾಯಿಸಬೇಕಾಗಿ ಬರಬಹುದು. ಇಷ್ಟನ್ನು ಬಾವನಿಗೆ ಬಿಡಿಸಿ ಹೇಳಿದೆ. ಬಾವ ಕೆಟ್ಟ ಮನುಷ್ಯ ಅಲ್ಲ. ಅಮ್ಮನ ಮುಖ ನೋಡದೆ ಉಗುಳು ಸಹ ನುಂಗದ ಮನುಷ್ಯ. ಅತ್ತೆಯವರೇ ಉತ್ತರ ಕೊಟ್ಟರು: "ದೋಷಕ್ಕೆ ನಾಗನಿಗೆ ಹಾಲೆರೆದು ತಂಬಿಲ ಕೊಡುದು ನಿಶ್ಚಯ ಆಗಿದೆ. ಮಂಗಳೂರು ಎಲ್ಲ ಬೇಡ. ನಾವೆಲ್ಲ ಹೆರಲಿಲ್ವಾ?"

"ಆದ್ರೆ ಬಾವನ ರಕ್ತವನ್ನಾದರೂ ಒಂದು ಸಲ ನೋಡುವ," ಎಂದೆ.

"ಹೆಂಗಸು ಬಸುರಿ ಆದ್ರೆ ಗಂಡಸಿನ ರಕ್ತ ಯಾಕೆ?"

"ಮಲೇರಿಯಾದವರಿಗೆ ಕೊಡುದಿಲ್ವಾ? ಹಾಗೇ ಒಂದು ತೊಟ್ಟು."

ಅಷ್ಟು ಹೇಳಿದ್ದೇ ತಡ, ಬಾವ ಸುಮ್ಮನೆ ಬೆರಳು ಚಾಚಿದರು. ಮಲೇರಿಯಾದವರಿಗೆ ಚಾಚಿ ಚಾಚಿ ಅಭ್ಯಾಸ. ಸಲೈನ್ ಇದ್ದ ಪುಟ್ಟ ಬಾಟಲಿಗೆ ರಕ್ತ ಹಾಕಿಕೊಂಡು ಪುತ್ತೂರಿಗೆ ಬಂದು ನೋಡಿದೆ. ಹಾಲು ಒಡೆದ ಹಾಗೆ ಗಂಟುಗಂಟು. ಒಂದು ಕಾರ್ಡ್ ಬರೆದು ಟಪಾಲಿಗೆ ಹಾಕಿದೆ: "ಬಾವನ ರಕ್ತ ಪಾಸಿಟಿವ್ ಬಂದಿದೆ. ಮಂಗಳೂರಿಗೆ ಹೋಗಲೇಬೇಕು."

ಮುಂದಿನ ಭಾನುವಾರ ಹೋಗಿ ನೋಡುತ್ತೇನೆ, ಬಾವ ಹಗಲು ಹೊತ್ತಿನಲ್ಲಿ ಕಂಬಳಿ ಹೊದ್ದು ಮಲಗಿದ್ದಾರೆ. ಪಕ್ಕದಲ್ಲಿ ಮಲೇರಿಯಾದ ಕಹಿ ಮಾತ್ರೆಯ ಪೊಟ್ಟಣ. ಪೋಸ್ಟ್‌ಮ್ಯಾನ್ ಕಾರ್ಡನ್ನು ದಾರಿಯಲ್ಲಿಯೇ ಓದಿ ನಾಲ್ಕು ಮನೆಗೆ ಹೇಳಿದ್ದ.

"ನಡುಕ ಉಂಟಾ ಬಾವ?"

"ನಿನ್ನೆಯಿಂದ ಸ್ವಲ್ಪ ಉಂಟು," ಎಂದರು ಕ್ಷೀಣ ದನಿಯಲ್ಲಿ. ಮೈ ಮುಟ್ಟಿದರೆ ಬಾವಿಕಟ್ಟೆಯಷ್ಟು ತಣ್ಣಗಿತ್ತು.

ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತು ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಮಗು ಹೋದ ಮೇಲೆ ಅವಳ ಮುಖದಲ್ಲಿ ನಗುವಿನಂಥದ್ದು ಕಂಡದ್ದು ಅಂದೇ. ಅತ್ತೆಯವರಿಗೆ ಮಾತ್ರ ನಗು ಇರಲಿಲ್ಲ. ನನ್ನನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ ತಗ್ಗಿದ ಸ್ವರದಲ್ಲಿ ಕೇಳಿದರು, "ಸೊಸೆಯದ್ದು ನೆಗೆಟಿವ್. ಮಗನದ್ದು ಪಾಸಿಟಿವ್. ಹಾಗಾದ್ರೆ ಮಗು ಹೋದದ್ದು..."

ವಾಕ್ಯವನ್ನು ಅವರು ಮುಗಿಸಲಿಲ್ಲ. ನಾನು ಮುಗಿಸಿಕೊಟ್ಟೆ. "ಮಗುವಿಗೆ ಪಾಸಿಟಿವ್ ಬಂದದ್ದು ಬಾವನಿಂದ ಅತ್ತೆ. ಅಕ್ಕನಲ್ಲಿ ಪಾಸಿಟಿವ್ ಇಲ್ಲವೇ ಇಲ್ಲ."

ಇದರಲ್ಲಿ ಒಂದು ಅಕ್ಷರ ಸುಳ್ಳಿಲ್ಲ, ಬೇಕಾದರೆ ಯಾವ ಪುಸ್ತಕದಲ್ಲಿಯೂ ನೋಡಬಹುದು. ಅವರು ಅರ್ಥ ಮಾಡಿಕೊಂಡದ್ದು ಬೇರೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ತಿದ್ದಬೇಕಿತ್ತು, ತಿದ್ದಲಿಲ್ಲ. ಮೊದಲ ಸಲ ಅದೇ ತಪ್ಪು ತಿಳುವಳಿಕೆಗೆ ಗೊತ್ತಿಲ್ಲದೆ ತಲೆಯಾಡಿಸಿದ್ದೆ; ಈ ಸಲ ಗೊತ್ತಿದ್ದೇ ತಲೆಯಾಡಿಸಿದೆ. ನಾಗನೂ ಕವಡೆಯೂ ನನ್ನ ಬಿಎಸ್ಸಿಯೂ ಒಟ್ಟು ಸೇರಿ ಮಾಡಲಾಗದ್ದನ್ನು ಮಲೇರಿಯಾದವರ ಎರಡು ಶಬ್ದ ಮಾಡಿದವು. ದೋಷ ಮಗನದ್ದು ಎಂದಾದ ಕೂಡಲೇ ಅದಕ್ಕೆ ಚಿಕಿತ್ಸೆಯೂ ಉಂಟಾಯಿತು, ಮಂಗಳೂರೂ ಹತ್ತಿರವಾಯಿತು. ಸೊಸೆಯ ದೋಷವಾಗಿದ್ದಷ್ಟು ದಿನ ಅದಕ್ಕೆ ತಂಬಿಲ ಸಾಕಿತ್ತು.

ಮಂಗಳೂರಿನವರು ಮೊದಲೇ ಹೇಳಿದ್ದರು, ಮಗುವಿಗಾಗಿ ಒ ನೆಗೆಟಿವ್ ರಕ್ತ ಕೊಡುವವರನ್ನು ನೀವೇ ನೋಡಿಟ್ಟುಕೊಳ್ಳಿ ಎಂದು. ನನ್ನದು ಪಾಸಿಟಿವ್. ಓದಿದ್ದು ಬಿಟ್ಟರೆ ಅಕ್ಕನಿಗೆ ಕೊಡಲು ನನ್ನ ಮೈಯಲ್ಲಿ ಎಂತದೂ ಇರಲಿಲ್ಲ. ಲ್ಯಾಬಿಗೆ ಬಂದ ನೆಗೆಟಿವ್‌ನವರ ಊರು ಮನೆ ಎಲ್ಲ ನಾನು ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳುತ್ತಿದ್ದೆ. ಅದರಲ್ಲಿ ನೆಲ್ಯಾಡಿಯ ಕಡೆಯ ಒಬ್ಬರು ಸಿಕ್ಕಿದರು, ಕೇರಳದಿಂದ ಬಂದು ರಬ್ಬರ್ ಹಾಕಿದ ಕ್ರಿಶ್ಚಿಯನ್ನರು. ಅವರ ತೋಟದವರೆಗೂ ನಡೆದು ಹೋಗಿ ಕೇಳಿದೆ. ಅವರು ಮರಕ್ಕೆ ಗೀರು ಹಾಕುವ ಕತ್ತಿಯನ್ನು ಒರೆಸುತ್ತ ಹೇಳಿದರು, "ನಾನು ಈ ಮರದ್ದು ದಿನಾ ತೆಗೀತೇನೆ ಸಿಸ್ಟರೇ. ನನ್ನದು ಯಾರಾದ್ರೂ ಒಂದು ಸಲ ತೆಗೆದ್ರೆ ಎಂತ ಆಗ್ತದೆ? ದಿನ ಹೇಳಿ, ಬರ್ತೇನೆ."

ಹೇಳಿದ ದಿನ ಬಂದರು. ಹೆಣ್ಣು ಮಗು ಹುಟ್ಟಿತ್ತು, ಹುಟ್ಟಿದ ಕೆಲವೇ ಗಂಟೆಯಲ್ಲಿ ಅಣ್ಣನ ಹಾಗೆಯೇ ಹಳದಿಯಾಗತೊಡಗಿತ್ತು. ಅತ್ತೆಯವರು ವರಾಂಡದ ಬೆಂಚಿನಲ್ಲಿ ಕುಳಿತವರು ಎದ್ದು ಬಂದು ನನ್ನ ತೋಳು ಹಿಡಿದರು.

"ಯಾರ ರಕ್ತ ಅದು ಹಾಕುದು? ಯಾವ ಜನ?"

"ನೆಗೆಟಿವ್ ಜನ ಅತ್ತೆ."

"ನೆಗೆಟಿವಾ? ಆದ್ರೆ ಅಡ್ಡಿ ಇಲ್ಲ," ಎಂದು ಹೋಗಿ ಕುಳಿತರು.

ಹೊಕ್ಕುಳಿನ ರಕ್ತನಾಳದಿಂದ ಒಂದು ಸಿರಿಂಜ್ ತೆಗೆಯುವುದು, ಒಂದು ಸಿರಿಂಜ್ ಹಾಕುವುದು. ಬೆಳಿಗ್ಗೆ ಶುರು ಮಾಡಿದವರು ಊಟದ ಹೊತ್ತಿಗೆ ಮುಗಿಸಿದರು. ನಾನು ಗಾಜಿನ ಬಾಗಿಲಿನ ಹೊರಗೆ ನಿಂತು ಎಣಿಸುತ್ತಿದ್ದೆ. ನಡುವೆ ಲೆಕ್ಕ ತಪ್ಪಿತು. ಮಗುವಿನ ಅಂಗಾಲು ಮಾತ್ರ ಕಾಣುತ್ತಿತ್ತು. ಮರುದಿನ ಇನ್ನೊಂದು ಸಲ ಮಾಡಬೇಕಾಯಿತು. ನಾಲ್ಕನೆಯ ದಿನ ಮಗು ಅಕ್ಕನ ಎದೆಗೆ ಬಾಯಿ ಹಾಕಿ ಎಳೆಯಿತು. ಅಕ್ಕ ನನ್ನ ಕಡೆ ನೋಡಿ, "ಆವತ್ತು ಜಗಲಿಯಲ್ಲಿ ನೀನು ಓದಿದ್ದು ಇದೇನಾ?" ಎಂದಳು.

ಅವಳಿಗೆ ಯಾರು ಹೇಳಿದರೋ, ಅವಳೇ ಜೋಡಿಸಿಕೊಂಡಳೋ ಗೊತ್ತಿಲ್ಲ. "ಹೌದು ಅಕ್ಕ," ಎಂದೆ. ಅವಳು ಮಗುವಿನ ತಲೆಯ ಮೇಲೆ ಸೆರಗು ಎಳೆದುಕೊಂಡಳು. ಬಯ್ದಿದ್ದರೆ ಸುಲಭವಾಗುತ್ತಿತ್ತು.

ಊರಿಗೆ ಬಂದ ಮೇಲೆ ತಂಬಿಲ ಆಯಿತು, ನಾಗನೇ ಮಗುವನ್ನು ಉಳಿಸಿದ ಎಂದೂ ಆಯಿತು. ನೆಲ್ಯಾಡಿಯವರ ಸುದ್ದಿಯನ್ನು ಆ ಮನೆಯಲ್ಲಿ ಯಾರೂ ಎತ್ತಲಿಲ್ಲ. ನಾನು ಅದಕ್ಕೆ ಜಗಳಕ್ಕೆ ಹೋಗಲಿಲ್ಲ. ಆದರೆ ನನ್ನ ಲ್ಯಾಬಿನ ಚೀಟಿಗಳಲ್ಲಿ ಬರೇ ನೆಗೆಟಿವ್ ಎಂದು ಬರೆಯುವುದನ್ನು ನಿಲ್ಲಿಸಿದೆ. ಕೆಳಗೆ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಬರೆಯುತ್ತಿದ್ದೆ: ಹೆರಿಗೆಯಾದ ಮೂರು ದಿನದೊಳಗೆ ತಾಯಿಗೆ ಸೂಜಿ ಬೇಕಾಗಬಹುದು, ಡಾಕ್ಟರರಿಗೆ ಈ ಚೀಟಿ ತೋರಿಸಿ. ರಿಪೋರ್ಟಿನಲ್ಲಿ ಕನ್ನಡ ಯಾಕೆ, ಅಂದ ಹಾಳಾಗುತ್ತದೆ ಎಂದು ಒಬ್ಬರು ಹೇಳಿದ್ದೂ ಉಂಟು.

ಎರಡು ಮೂರು ವರ್ಷ ಕಳೆದಿರಬೇಕು. ಒಂದು ಬೆಳಿಗ್ಗೆ ಅತ್ತೆಯವರು ಜಾಲ್ಸೂರಿನಿಂದ ಬಸ್ಸು ಹತ್ತಿ ನನ್ನ ಲ್ಯಾಬಿನ ಬಾಗಿಲಿಗೆ ಬಂದು ನಿಂತರು. ಜೊತೆಯಲ್ಲಿ ಅವರ ಸ್ವಂತ ಮಗಳು, ಚೊಚ್ಚಲ ಬಸುರಿ.

"ಇವಳದ್ದು ನೋಡು," ಎಂದರು. "ಒಳ್ಳೆ ನೆಗೆಟಿವಾ ಕೆಟ್ಟ ನೆಗೆಟಿವಾ ಅಂತ ಸರಿಯಾಗಿ ಹೇಳ್ಬೇಕು. ಕೆಟ್ಟದಾದ್ರೆ ಸೂಜಿಗೆ ಈಗಲೇ ಹೇಳಿಡುದು ಒಳ್ಳೆದು."

"ನಾಗ ಇದ್ದಾನಲ್ಲ ಅತ್ತೆ?" ಎಂದೆ. ತಡೆದುಕೊಳ್ಳಲು ಆಗಲಿಲ್ಲ.

"ಅವನು ಇದ್ದಾನೆ. ನೀನು ನಿನ್ನ ಕೆಲಸ ಮಾಡು."

ರಕ್ತ ತೆಗೆದು ಗಾಜಿನ ಮೇಲೆ ಇಟ್ಟೆ. ಅವರು ನನ್ನ ಭುಜದ ಮೇಲಿಂದ ಬಗ್ಗಿ ನೋಡುತ್ತಿದ್ದರು. ಗಂಟುಗಂಟಾಯಿತು.

"ಪಾಸಿಟಿವ್," ಎಂದೆ.

ಅವರ ಮುಖ ಇಳಿಯಿತು. "ಪಾಸಿಟಿವಾ? ಅಂದ್ರೆ ಅಣ್ಣನದ್ದೇ ಇವಳಿಗೂ ಉಂಟಾ?"

ಹೊರಗೆ ಆರೇಳು ಜನ ಕಾಯುತ್ತಿದ್ದರು. ಒಂದೇ ಶಬ್ದದಲ್ಲಿ, ಎಂತದೂ ಇಲ್ಲ ಹೋಗಿ ಎಂದು ಕಳುಹಿಸಿಬಿಡಬಹುದಿತ್ತು. ನಾನು ಪೆನ್ನು ಕೆಳಗಿಟ್ಟು, ಸ್ಟೂಲನ್ನು ಅವರ ಕಡೆ ಎಳೆದು, "ಕೂತುಕೊಳ್ಳಿ ಅತ್ತೆ," ಎಂದೆ. "ಮೊದಲಿನಿಂದ ಹೇಳ್ತೇನೆ. ಬಾವನಿಗೆ ಆವತ್ತು ಮಲೇರಿಯಾ ಇರಲೇ ಇಲ್ಲ."